ನೆಲದೊಳಗಿನ ಕೊಳವೆಗೆ ಊರಲ್ಲೇ ಒಂದು ಅಚ್ಚು

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಹೋಗುವವರು ಮೆಟ್ಟಿಲಿಳಿದು ಕೆಳಕ್ಕೆ ಹೋಗಬೇಕು. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಈ ಜಾಗಕ್ಕೆ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬಂದು ನಿಲ್ಲುವುದರಿಂದ, ಐಕ್ಯಮಂಟಪದ ಸುತ್ತ ಬಾವಿಯಂಥ ಆಳದ ಕಟ್ಟಡ ಕಟ್ಟಿ ಅದನ್ನು ಉಳಿಸಿಕೊಳ್ಳಲಾಗಿದೆ. ಗೋಡೆಯಾಚೆ ಹೊಳೆ, ಈಚೆ ಒಣಗಿದ ನೆಲ. ನೀರು ತರುವವರು ನೀರನ್ನು ಎಲ್ಲಿ ತಡೆಯಬೇಕು, ಎಲ್ಲಿಂದ ಹೊರಹಾಕಬೇಕು ಎಂಬುದನ್ನೂ ಯೋಚಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಈ ಭಾಗದಲ್ಲಿ ಇನ್ನೊಂದಿಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟೆ 1982ರಲ್ಲಿ ಮುಗಿಯಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ, ಘಟಪ್ರಭೆಗೆ ಹಿಡಕಲ್‌ನಲ್ಲಿ ಕಟ್ಟೆ ಎದ್ದವು. ಮಳೆಯನ್ನೇ ನಂಬಿ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಎರೆ ಹೊಲಗಳಿಗೆ ಕಾಲುವೆ ನೀರು ಬಂತು. ಆ ನೀರಿನಿಂದ ಎಷ್ಟೋ ಮನೆಗಳ ಬಾಳು ಹಸನಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲದೊಳಕ್ಕೆ ಬಂದ ನೀರು ಹೊಲದಿಂದ ಹೊರಗೆ ಹೋಗುವ ದಾರಿಯ ಕೆಲಸ ಅರ್ಧಕ್ಕೇ ನಿಂತಿದೆ. ಆ ಅರ್ಧ ಕೆಲಸವನ್ನು ಪೂರೈಸಲು ಬೇಕಾಗುವ ಒಂದು ಸಣ್ಣ ವಸ್ತುವಿನ ಬಗ್ಗೆ, ಅಂದರೆ ಸುಟ್ಟ ಮಣ್ಣಿನ ಬಸಿಗೊಳವೆ ಮತ್ತು ಅದನ್ನು ಮಾಡುವ ಅಚ್ಚಿನ ಬಗ್ಗೆ, ಈ ಲೇಖನ.

ಮೊದಲು ರೋಗವನ್ನು ತಿಳಿಯೋಣ. ಎರೆಮಣ್ಣು ನೀರನ್ನು ಹಿಡಿದಿಡುತ್ತದೆ, ಬೇಗ ಬಿಟ್ಟುಕೊಡುವುದಿಲ್ಲ. ಕಾಲುವೆಯ ಸೋರಿಕೆ, ಕಬ್ಬಿಗೆ ಹಾಯಿಸುವ ಹರಿನೀರು ಎರಡೂ ಸೇರಿ ನೆಲದಡಿಯ ನೀರಿನ ಮಟ್ಟ ವರ್ಷ ವರ್ಷ ಮೇಲೇರುತ್ತದೆ. ಅದು ಮೇಲ್ಮೈಯಿಂದ ಒಂದೂವರೆ ಮೀಟರಿನೊಳಗೆ ಬಂತೆಂದರೆ, ಬತ್ತಿ ಎಣ್ಣೆ ಹೀರುವಂತೆ ಮಣ್ಣು ನೀರನ್ನು ಮೇಲಕ್ಕೆ ಎಳೆಯತೊಡಗುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಮೇಲೆಯೇ ಉಳಿಯುತ್ತದೆ. ನೀರು ನಿಂತ ನೆಲ ಜವಳು, ಉಪ್ಪೇರಿದ ನೆಲ ಸವಳು; ಎರಡೂ ಜೊತೆಗೇ ಬರುವುದರಿಂದ ರೈತರು ಸವಳು-ಜವಳು ಎಂದೇ ಹೇಳುತ್ತಾರೆ. ಉಪ್ಪಿನ ಲೆಕ್ಕ ಸರಳವಾಗಿದೆ. ಹಾಯಿಸುವ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಉಪ್ಪಿದೆ ಎಂದಿಟ್ಟುಕೊಳ್ಳಿ. ನಾಲಿಗೆಗೆ ಅದು ಗೊತ್ತೂ ಆಗುವುದಿಲ್ಲ. ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರ ನಿಲ್ಲುವಷ್ಟು ನೀರು ಹಾಯಿಸಿದರೆ ಅದು ಸುಮಾರು 4,000 ಘನ ಮೀಟರ್; ಅದರೊಂದಿಗೆ ಹೊಲಕ್ಕೆ ಬರುವ ಉಪ್ಪು ಎರಡು ಟನ್. ಕಬ್ಬಿಗೆ ಇನ್ನೂ ಹೆಚ್ಚು ನೀರು ಬೇಕು. ಬೆಳೆ ನೀರು ಕುಡಿಯುತ್ತದೆ, ಉಪ್ಪನ್ನು ಬಹುಪಾಲು ಬಿಟ್ಟುಬಿಡುತ್ತದೆ. ಅದನ್ನು ತೊಳೆದು ಕೆಳಗಿಳಿಸಿ ಹೊರಗೆ ಕಳಿಸುವ ದಾರಿ ಇಲ್ಲದ ಹೊಲ ಎಷ್ಟು ವರ್ಷ ತಾಳೀತು?

ಇದು ಹೊಸದಾಗಿ ಗೊತ್ತಾದ ಸಂಗತಿಯಲ್ಲ. ಪುಣೆ ಕಡೆಯ ನೀರಾ ಕಣಿವೆಯ ಉಪ್ಪು ನೆಲಗಳ ಬಗ್ಗೆ ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ ಎಂಬ ವಿಜ್ಞಾನಿಗಳ ಅಧ್ಯಯನವನ್ನು ಮುಂಬಯಿ ಪ್ರಾಂತ್ಯದ ಕೃಷಿ ಇಲಾಖೆ 1910ರಲ್ಲೇ ಪ್ರಕಟಿಸಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ಅದೇ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಕಾಲುವೆ ಬಂದ ಎರೆನೆಲದಲ್ಲಿ ಏನಾಗುತ್ತದೆ ಎಂಬುದು ನಮ್ಮ ಕಾಲುವೆಗಳಿಗಿಂತ ಎಷ್ಟೋ ದಶಕ ಮೊದಲೇ ಕಡತಕ್ಕೆ ಸೇರಿತ್ತು. ಮದ್ದೂ ಗೊತ್ತಿತ್ತು: ಹೊಲದಡಿ ಒಂದು ಮೀಟರಿಗಿಂತ ಆಳದಲ್ಲಿ ಕೊಳವೆಸಾಲು ಹೂಳಿ, ನೆಲದಡಿಯ ನೀರನ್ನು ಅದರೊಳಗೆ ಬಸಿಯಗೊಟ್ಟು, ಹಳ್ಳಕ್ಕೆ ಬಿಡುವುದು. ಮೇಲಿನ ತೆರೆದ ಬಸಿಗಾಲುವೆ ಜಾಗ ತಿನ್ನುತ್ತದೆ, ಜೊಂಡು ಬೆಳೆದು ಕಟ್ಟಿಕೊಳ್ಳುತ್ತದೆ, ಎರೆಮಣ್ಣಿನ ದಂಡೆ ಮಳೆಗಾಲಕ್ಕೊಮ್ಮೆ ಕುಸಿಯುತ್ತದೆ. ಹೂತ ಕೊಳವೆಯ ಮೇಲೆ ಬಿತ್ತಬಹುದು, ಕುಂಟೆ ಹೊಡೆಯಬಹುದು.

ಆ ಕೊಳವೆ ನೋಡಲು ತೀರಾ ಸಾದಾ ವಸ್ತು. ಒಂದಡಿ ಉದ್ದ, ಒಳಗೆ ಸುಮಾರು 10 ಸೆಂಟಿಮೀಟರ್ ಬಾಯಿ, ಬೆರಳು ದಪ್ಪದ ಗೋಡೆ. ಮೈಯಲ್ಲಿ ತೂತಿಲ್ಲ, ಒಂದರೊಳಗೊಂದು ಸಿಕ್ಕಿಸುವ ಕಂಠವಿಲ್ಲ. ಒಂದರ ಬಾಯಿಗೆ ಇನ್ನೊಂದರ ಬಾಯಿ ತಾಗುವಂತೆ ಸಾಲಾಗಿ ಇಡುತ್ತಾರೆ. ಎರಡರ ನಡುವೆ ಮೂರು ಮಿಲಿಮೀಟರಿನಷ್ಟು ಸಂದು ಉಳಿಯುತ್ತದೆ, ನೀರು ಒಳಗೆ ಬರುವುದು ಆ ಸಂದಿನಲ್ಲೇ. ಮಣ್ಣು ಜೊತೆಗೆ ಬಾರದಂತೆ ಸುತ್ತ ಉಸುಕು, ಸಣ್ಣ ಗರಸು ತುಂಬುತ್ತಾರೆ. ನೂರು ಮೀಟರಿಗೆ 10ರಿಂದ 20 ಸೆಂಟಿಮೀಟರ್ ಇಳಿಜಾರು ಸಾಕು. ಹೀಗಾಗಿ ಈ ಕೊಳವೆಯ ಗುಣವೆಲ್ಲ ಅದರ ಬಾಯಲ್ಲಿದೆ. ಬಾಯಿ ಓರೆಯಾಗಿದ್ದರೆ ಸಂದು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಸಡಿಲಾದ ಕಡೆ ಮಣ್ಣು ನುಗ್ಗಿ ಸಾಲು ಕಟ್ಟಿಕೊಳ್ಳುತ್ತದೆ. ಒಂದರ ಬಾಯಿ ಹಿರಿದು, ಮುಂದಿನದರದು ಕಿರಿದಾದರೆ ಮೆಟ್ಟಿಲಾಗಿ ಅಲ್ಲಿ ಕೆಸರು ನಿಲ್ಲುತ್ತದೆ. ಸಾವಿರ ಕೊಳವೆಗಳೂ ಒಂದೇ ಅಳತೆಯಲ್ಲಿರಬೇಕು. ಆದ್ದರಿಂದ ಕೊಳವೆಗಿಂತ ಮೊದಲು ಅಚ್ಚು ಸರಿಯಿರಬೇಕು.

ಈ ಅಚ್ಚಿನ ಕಥೆಯನ್ನು ಇಂಗ್ಲೆಂಡಿನಿಂದ ಹೇಳಬೇಕಾಗುತ್ತದೆ, ಏಕೆಂದರೆ ಜವಳು ನೆಲದ ಕಾಟ ಅಲ್ಲಿ ಹಳೆಯದು. ಮೊದಲು ಅಲ್ಲಿ ಚಪ್ಪಟೆ ಮಣ್ಣಿನ ಹಾಳೆಯನ್ನು ಕಟ್ಟಿಗೆಯ ದಿಮ್ಮಿಯ ಮೇಲೆ ಬಾಗಿಸಿ ಕುದುರೆ ಲಾಳದ ಆಕಾರದ ಹೆಂಚು ಮಾಡುತ್ತಿದ್ದರು. ಅದರಡಿ ಇನ್ನೊಂದು ಚಪ್ಪಟೆ ಹೆಂಚು ಇಡಬೇಕಿತ್ತು. 1826ರಲ್ಲಿ ಹೊಲ ಬಸಿಯುವ ಹೆಂಚಿಗೆ ಅಲ್ಲಿನ ಸರ್ಕಾರ ತೆರಿಗೆ ಮಾಫಿ ಮಾಡಿತು, ಆದರೆ ಹೆಂಚಿನ ಮೇಲೆ ‘ಡ್ರೇನ್’ ಎಂಬ ಅಕ್ಷರ ಮೂಡಿರಬೇಕೆಂಬ ಷರತ್ತು ಹಾಕಿತು. 1843ರಲ್ಲಿ ಜಾನ್ ರೀಡ್ ಎಂಬ ತೋಟಗಾರ ಉರುಳೆಗೆ ಮಣ್ಣು ಸುತ್ತಿ ಮಾಡಿದ ದುಂಡು ಕೊಳವೆಯನ್ನು ಡರ್ಬಿಯ ಕೃಷಿ ಪ್ರದರ್ಶನದಲ್ಲಿ ಇಟ್ಟ. ಎರಡು ಹೆಂಚಿನ ಕೆಲಸ ಒಂದು ಕೊಳವೆಯಲ್ಲಿ ಆಯಿತು. ಎರಡೇ ವರ್ಷಕ್ಕೆ, 1845ರಲ್ಲಿ, ಥಾಮಸ್ ಸ್ಕ್ರಾಗ್ ಹದಮಣ್ಣನ್ನು ಅಚ್ಚಿನ ಬಾಯಿಂದ ಒತ್ತಿ ಕೊಳವೆಯಾಗಿ ಹೊರತೆಗೆಯುವ ಯಂತ್ರ ಮಾಡಿದ. 1846ರಲ್ಲಿ ಬ್ರಿಟಿಷ್ ಸರ್ಕಾರ ಹೊಲ ಬಸಿಯುವ ಕೆಲಸಕ್ಕೆಂದೇ 20 ಲಕ್ಷ ಪೌಂಡ್ ಸಾಲನಿಧಿ ತೆಗೆದಿಟ್ಟಿತು. ಅಮೆರಿಕೆಯಲ್ಲೂ ಹಾಗೆಯೇ ನಡೆಯಿತು. ಸ್ಕಾಟ್ಲೆಂಡಿನಿಂದ ವಲಸೆ ಹೋಗಿ ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ಬೇಸಾಯ ಮಾಡುತ್ತಿದ್ದ ಜಾನ್ ಜಾನ್ಸ್ಟನ್ 1835ರಲ್ಲಿ ತಾಯ್ನಾಡಿನಿಂದ ಹೆಂಚಿನ ಮಾದರಿ ತರಿಸಿಕೊಂಡು, 1838ರಲ್ಲಿ ಪಕ್ಕದೂರಿನ ಕುಂಬಾರನಿಂದ ಕೈಯಲ್ಲೇ ಮಾಡಿಸಿದ. 1848ರಲ್ಲಿ ಸ್ಕ್ರಾಗ್ ಯಂತ್ರ ಆ ಸೀಮೆಗೆ ಬಂದ ಮೇಲೆ ಬೆಲೆ ಇಳಿದು, ಪಕ್ಕದ ಹೊಲದವರೂ ಕೊಳ್ಳತೊಡಗಿದರು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು: ನೆಲ ಬಸಿಯಬೇಕೆಂಬ ಅರಿವು ಮೊದಲಿನಿಂದಲೂ ಇತ್ತು, ಅದು ಸಾಮಾನ್ಯ ರೈತನ ಹೊಲಕ್ಕೆ ಇಳಿದದ್ದು ಮಾತ್ರ ಹತ್ತಿರದ ಭಟ್ಟಿಯಲ್ಲಿ ಅಚ್ಚು ಕೂತ ಮೇಲೆ.

ನಮ್ಮ ಸೀಮೆಗೂ ಮಣ್ಣಿನ ಕೊಳವೆ ಹೊರಗಿನದಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಬೇಗಂ ತಾಲಾಬಿನಿಂದ ವಿಜಾಪುರದ ಊರೊಳಕ್ಕೆ ನೀರು ಬರುತ್ತಿದ್ದುದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆ ಕಟ್ಟಡ ಹಾಕಿ, ನೆಲದಾಳದಲ್ಲಿ ಹೂತಿದ್ದರು. ಅಲ್ಲಿ ಸಂದು ಹನಿಯೂ ಸೋರಬಾರದು, ಬಸಿಗೊಳವೆಯಲ್ಲಿ ಸಂದು ಸೋರಲೇಬೇಕು. ಮಣ್ಣು, ಹದ, ಸುಡುವ ಕೆಲಸ ಎರಡಕ್ಕೂ ಒಂದೇ. ಇನ್ನೂ ಹತ್ತಿರದ ಉದಾಹರಣೆ ನಾಡಹೆಂಚು. ಕುಂಬಾರರು ಅದನ್ನು ತಿಗರಿಯ ಮೇಲೆ ಕೊಳವೆಯಾಗಿಯೇ ಎತ್ತುತ್ತಾರೆ; ಆಮೇಲೆ ಉದ್ದಕ್ಕೆ ಕೊಯ್ದು ಎರಡು ಹೋಳು ಮಾಡಿದರೆ ಎರಡು ಹೆಂಚು. ಕೊಯ್ಯದೆ ಬಿಟ್ಟರೆ ಬಸಿಗೊಳವೆಗೆ ಅರ್ಧ ದಾರಿ ಬಂದಂತೆ. ಉಳಿದ ಅರ್ಧ ದಾರಿ ಅಳತೆಯದು. ತಿಗರಿಯ ಮೇಲಿನ ಕೊಳವೆ ಒಂದು ತುದಿಗೆ ಕಿರಿದಾಗಿರುತ್ತದೆ, ಒಂದರಂತೆ ಇನ್ನೊಂದಿರುವುದಿಲ್ಲ. ಅಚ್ಚು ಬೇಕಾಗುವುದು ಇಲ್ಲಿ.

ಅಚ್ಚು ಎರಡು ಬಗೆಯದಾಗಬಹುದು. ಮೊದಲನೆಯದು ಬರಿಯ ಉರುಳೆ: ನುಣುಪಾಗಿ ಕಡೆದ ಕಟ್ಟಿಗೆಯ ಗುಂಡು, ಅದಕ್ಕೆ ಒಂದು ಹಿಡಿಕೆ. ಒಂದೇ ದಪ್ಪಕ್ಕೆ ಲಟ್ಟಿಸಿದ ಮಣ್ಣಿನ ಹಾಳೆಯನ್ನು ಅದಕ್ಕೆ ಸುತ್ತಿ, ಅಂಚುಗಳನ್ನು ಓರೆಯಾಗಿ ಕೊಯ್ದು ಒಂದರ ಮೇಲೊಂದು ಒತ್ತಿ ಬೆಸೆದು, ಎರಡೂ ಬಾಯಿಗಳನ್ನು ತಂತಿಯಿಂದ ನೇರಕ್ಕೆ ಕತ್ತರಿಸಿ, ಉರುಳೆಯನ್ನು ತಿರುಗಿಸುತ್ತ ಹೊರಗೆಳೆಯಬೇಕು. ಎಳೆಯುವುದು ತಡವಾದರೆ ಕೆಲಸ ಕೆಟ್ಟಿತು. ಮಣ್ಣು ಆರುತ್ತ ಕುಗ್ಗಿ ಉರುಳೆಯನ್ನು ಬಿಗಿದು ಹಿಡಿಯುತ್ತದೆ, ಆಮೇಲೆ ಸೀಳದೆ ಬಿಡುವುದಿಲ್ಲ. ಅದಕ್ಕೇ ಉರುಳೆಗೆ ಮೊದಲು ಬೂದಿ ಇಲ್ಲವೆ ಸಣ್ಣ ಉಸುಕು ಸವರುವುದು. ಎರಡನೆಯದು ಒತ್ತುವ ಅಚ್ಚು: ಕಬ್ಬಿಣದ ಪೆಟ್ಟಿಗೆ, ಅದರ ಬಾಯಲ್ಲಿ ದುಂಡು ತೂತು, ತೂತಿನ ನಟ್ಟನಡುವೆ ಒಂದು ಗಟ್ಟಿ ಗುಂಡು. ಗುಂಡನ್ನು ಹಿಂದಿನಿಂದ ಹಿಡಿದಿರುವ ಕಾಲುಗಳ ನಡುವೆ ಮಣ್ಣು ಸೀಳಿ ಹಾದು, ಮುಂದೆ ಮತ್ತೆ ಒಂದುಗೂಡಿ ಕೊಳವೆಯಾಗಿ ಹೊರಬರುತ್ತದೆ. ಸೀಳಿದ ಮಣ್ಣು ಸರಿಯಾಗಿ ಕೂಡಿಕೊಳ್ಳಬೇಕಾದರೆ ಕಾಲು ತೆಳ್ಳಗಿರಬೇಕು, ಗುಂಡು ಮುಂದಕ್ಕೆ ಉದ್ದವಾಗಿರಬೇಕು. ಹಾರೆ, ಕುಡುಗೋಲು ಮಾಡುವ ವರ್ಕ್‌ಶಾಪಿನವರು ಇದನ್ನು ಮಾಡಬಲ್ಲರು. ಎರಡರಲ್ಲೂ ಕುಗ್ಗುವಿಕೆಯ ಲೆಕ್ಕ ತಪ್ಪಬಾರದು: ಮಣ್ಣು ಒಣಗಿ ಸುಟ್ಟಾಗ ನೂರಕ್ಕೆ ಹತ್ತರಷ್ಟು ಕುಗ್ಗುವುದಾದರೆ, 30 ಸೆಂಟಿಮೀಟರ್ ಕೊಳವೆಗೆ 33ಕ್ಕೆ ಕತ್ತರಿಸಬೇಕು, 10ರ ಬಾಯಿಗೆ 11ರ ಉರುಳೆ ಬೇಕು. ಈ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬೇರೆ. ಹೊಲದ ಎರೆಮಣ್ಣು ಮಾತ್ರ ಇದಕ್ಕೆ ಬಾರದು, ಅದು ವಿಪರೀತ ಕುಗ್ಗಿ ಬಿರಿಯುತ್ತದೆ. ಕೆರೆಯ ಹೂಳು, ಅದಕ್ಕೆ ಒಂದಿಷ್ಟು ಉಸುಕು, ಕುಂಬಾರರಿಗೆ ಗೊತ್ತಿರುವ ಹದವೇ ಸರಿ.

ಈಗ ಲೆಕ್ಕ ಹಾಕೋಣ. ಸಾಲಿನಿಂದ ಸಾಲಿಗೆ 20 ಮೀಟರ್ ಅಂತರ ಹಿಡಿದರೆ ಎಕರೆಗೆ ಸುಮಾರು 200 ಮೀಟರ್ ಸಾಲು, ಅಂದರೆ 670ರ ಹತ್ತಿರ ಕೊಳವೆ. ಮೇಲಿನ ಅಳತೆಯ ಕೊಳವೆ ಸುಟ್ಟ ಮೇಲೆ ಎರಡೂವರೆ ಕಿಲೋ ತೂಗೀತು. ಎಕರೆಗೆ ಒಂದೂ ಮುಕ್ಕಾಲು ಟನ್. ಒಂದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಿಡಿಯುವ ಸರಕು. ಇದಕ್ಕಾಗಿ ಬೇರೆ ಭಟ್ಟಿಯನ್ನೂ ಕಟ್ಟಬೇಕಿಲ್ಲ. ಇಟ್ಟಿಗೆ ಭಟ್ಟಿಯ ನಡುಭಾಗದಲ್ಲಿ ಇಟ್ಟಿಗೆಯ ಜೊತೆಗೇ ಕೊಳವೆಗಳನ್ನು ನಿಲ್ಲಿಸಿ ಸುಡಬಹುದು. ಗಡಿಗೆ ಸುಡುವ ತೆರೆದ ಆವಿಗೆಯ ಕಾವು ಇದಕ್ಕೆ ಸಾಲದು. ಸವಳು ನೆಲದ ಉಪ್ಪುನೀರು ಅರೆಬೆಂದ ಮಣ್ಣಿನೊಳಗೆ ಹೊಕ್ಕು ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಬಡಿದರೆ ಕಂಚಿನಂತೆ ದನಿ ಕೊಡುವಷ್ಟು ಬೆಂದಿರಬೇಕು. ನನ್ನ ವಾದ ಇದು: ಎರಡು-ಮೂರು ಎಕರೆಯ ಹಿಡುವಳಿ ಸವಳಾದಾಗ, ಅದನ್ನು ಉಳಿಸುವ ಸಾಮಾನು ಆ ತಾಲೂಕಿನಲ್ಲೇ ಆಗಬೇಕು, ಆಗುತ್ತದೆ ಕೂಡ, ಅದಕ್ಕೆ ಬೇಕಾದ ಒಂದೇ ಹೊಸ ವಸ್ತು, ಅಳತೆ ಗೊತ್ತುಮಾಡಿದ ಅಚ್ಚು.

ಇದಕ್ಕೆ ಎದುರಾಗುವ ಮೊದಲ ಪ್ರಶ್ನೆ ಪ್ಲಾಸ್ಟಿಕ್ಕಿನದು. ಮೈಯೆಲ್ಲ ತೂತಿರುವ, ಸುಕ್ಕುಗಟ್ಟಿದ ಹಗುರ ಪೈಪು ಸುರುಳಿ ಸುರುಳಿಯಾಗಿ ಸಿಗುತ್ತದೆ. ಜಗತ್ತಿನ ಬಹುಪಾಲು ದೇಶಗಳಲ್ಲಿ ಮಣ್ಣಿನ ಕೊಳವೆ ಅದರೆದುರು ಸೋತು ಹಿಂದೆ ಸರಿದಿದೆ. ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕ್‌ನಲ್ಲಿ, ಗಡಿಯಾಚೆ ಶಿರೋಳದಲ್ಲಿ ಶ್ರೀ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಮುಂದಾಳತ್ವದಲ್ಲಿ ಸವಳು ನೆಲ ಸುಧಾರಿಸಿದ್ದು ಇಂಥ ಪೈಪಿನಿಂದಲೇ. ಊರಿಗೂರೇ ಒಟ್ಟಾಗಿ ನೂರಾರು ಎಕರೆಗೆ ಒಂದೇ ಬಾರಿ ಹಾಕಿಸುವುದಾದರೆ ಅದೇ ಸರಿಯಾದ ದಾರಿ, ಅಲ್ಲಿ ಮಣ್ಣಿನ ಕೊಳವೆಗೆ ಹಟ ಹಿಡಿಯುವುದು ಅವಿವೇಕ. ಆದರೆ ಅಂಥ ಒಗ್ಗಟ್ಟು, ಹಿಂದೆ ನಿಲ್ಲುವ ಕಾರ್ಖಾನೆ, ದೊಡ್ಡ ಗುತ್ತಿಗೆ ಇವು ಎಲ್ಲ ಕಡೆ ಕೂಡಿಬರುವುದಿಲ್ಲ. ಹಳ್ಳದ ದಂಡೆಯ ಎರಡೆಕರೆಯವನು ಇವುಗಳಿಗಾಗಿ ಕಾಯುತ್ತ ಕುಳಿತರೆ ಅವನ ಹೊಲದಲ್ಲಿ ಜಾಲಿ ಬೆಳೆಯುತ್ತದೆ. ಕೊಳವೆಗಿಂತ ತೋಡುವ ಖರ್ಚೇ ಹೆಚ್ಚು ಎಂದೂ ಹೇಳುತ್ತಾರೆ. ನಿಜ, ಎಕರೆಗೆ ನೂರು ಘನ ಮೀಟರಿನಷ್ಟು ಮಣ್ಣು ತೆಗೆಯಬೇಕು. ಆದರೆ ತೋಡುವ ಜೇಸಿಬಿ, ತೋಡುವ ಕೈ ಎರಡೂ ಇಂದು ಹಳ್ಳಿಯಲ್ಲಿವೆ. ಇಲ್ಲದಿರುವುದು ಕೊಳವೆ, ಮತ್ತು ಅದನ್ನು ಇಳಿಜಾರು ಹಿಡಿದು ಹೂಳುವ ತಿಳಿವಳಿಕೆ.

ಹಾಗಾದರೆ ಸಿಮೆಂಟಿನ ಕೊಳವೆ ಏಕಾಗಬಾರದು, ಅದರ ಅಚ್ಚು ಎಲ್ಲ ಕಡೆ ಇದೆಯಲ್ಲ ಎನ್ನಬಹುದು. ಸವಳು ನೆಲದ ನೀರಿನಲ್ಲಿ ಸಲ್ಫೇಟು ಹೆಚ್ಚಿದ್ದರೆ ಅದು ಸಾಮಾನ್ಯ ಸಿಮೆಂಟನ್ನು ಒಳಗಿಂದ ಉಬ್ಬಿಸಿ ಒಡೆಯುತ್ತದೆ. ಚೆನ್ನಾಗಿ ಬೆಂದ ಮಣ್ಣಿಗೆ ಆ ಭಯವಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎರೆಮಣ್ಣಿನದೇ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ, ಮಳೆಗೆ ಉಬ್ಬುವ ನೆಲದಲ್ಲಿ ಬಿಡಿ ಕೊಳವೆಗಳ ಸಾಲು ಸೊಟ್ಟಗಾಗದೆ ಇದ್ದೀತೆ? ಈ ಭಯಕ್ಕೆ ಆಧಾರವಿದೆ. ಬಿರುಕಿನ ಆಟ ಹೆಚ್ಚಾಗಿ ಮೇಲಿನ ಪದರದಲ್ಲಿ. ನೀರಿನ ಮಟ್ಟ ಮೇಲೆಯೇ ಇರುವ ಜವಳು ಹೊಲದಲ್ಲಿ ಒಂದು ಮೀಟರ್ ಕೆಳಗಿನ ಮಣ್ಣು ವರ್ಷವಿಡೀ ಹಸಿಯಾಗಿರುವುದರಿಂದ ಅಷ್ಟು ಅಲುಗುವುದಿಲ್ಲ. ಗರಸಿನ ಹಾಸಿನ ಮೇಲೆ ಕೂರಿಸಿ, ಸಂದಿಗೆ ಒಡೆದ ಹೆಂಚಿನ ಚೂರು ಹೊದಿಸಿದರೆ ಸಾಲು ನಿಲ್ಲುತ್ತದೆ. ಆದರೆ ಒಂದು ಬೆಳೆ ತೆಗೆದು ಆರು ತಿಂಗಳು ಬೀಳು ಬಿಡುವ, ಆಳದವರೆಗೂ ಒಣಗುವ ಎರೆ ಹೊಲಕ್ಕೆ ನಾನು ಮಣ್ಣಿನ ಕೊಳವೆಯನ್ನು ಹೇಳುವುದಿಲ್ಲ. ಬಾದಾಮಿಯ ಕಡೆ ಸಿಗುವ ಮಸಾರಿ ನೆಲಕ್ಕೆ ಅದರ ಅಗತ್ಯವೇ ಕಡಿಮೆ, ಅಲ್ಲಿ ನೀರು ತಾನೇ ಇಳಿಯುತ್ತದೆ.

ಹುನಗುಂದದವರು ಇನ್ನೊಂದು ಪ್ರಶ್ನೆ ಕೇಳಬಹುದು, ಅದು ಅವರೇ ಕೇಳಬೇಕಾದ ಪ್ರಶ್ನೆ. ರಾಮಥಾಳ-ಮರೋಳ ಯೋಜನೆಯಲ್ಲಿ ಆ ತಾಲೂಕಿನ 24,000 ಹೆಕ್ಟೇರಿಗೆ ಹನಿ ನೀರಾವರಿ ರೂಪಿಸಲಾಗಿದೆ; ಹನಿ ಹನಿಯಾಗಿ ಕೊಟ್ಟ ಮೇಲೆ ನೀರು ನಿಲ್ಲುವುದೆಲ್ಲಿ, ಬಸಿಯುವುದೇಕೆ? ಹನಿ ನೀರಾವರಿ ರೋಗ ಬಾರದಂತೆ ತಡೆಯುವ ಒಳ್ಳೆಯ ಉಪಾಯ, ಕಾಲುವೆ ಮೊದಲೇ ಹೀಗೆ ಬಂದಿದ್ದರೆ ಎಷ್ಟೋ ನೆಲ ಉಳಿಯುತ್ತಿತ್ತು. ಆದರೆ ಈಗಾಗಲೇ ಉಪ್ಪೇರಿದ ನೆಲಕ್ಕೆ ಅದು ಮದ್ದಲ್ಲ. ಅಲ್ಲಿ ಉಪ್ಪನ್ನು ಹೆಚ್ಚು ನೀರಿನಿಂದ ತೊಳೆದು ಹೊರಗೆ ಕಳಿಸಲೇಬೇಕು. ಹನಿಯ ನೀರಿನಲ್ಲೂ ಉಪ್ಪಿರುತ್ತದೆ, ನೆನೆದ ಜಾಗದ ಅಂಚಿನಲ್ಲಿ ಅದು ಕೂಡಿಕೊಳ್ಳುತ್ತದೆ. ನಮ್ಮಂಥ ಕಡಿಮೆ ಮಳೆಯ ಸೀಮೆಯಲ್ಲಿ ಎಲ್ಲ ವರ್ಷವೂ ಮಳೆ ಅದನ್ನು ತೊಳೆಯುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಬಸಿದ ನೀರು ಎಲ್ಲಿಗೆ ಹೋಗಬೇಕು ಎಂಬುದು. ಅದು ಉಪ್ಪುನೀರು, ಹಳ್ಳಕ್ಕೆ ಬಿಟ್ಟರೆ ಹಳ್ಳ ಹೊಳೆಗೆ ಸೇರುತ್ತದೆ, ಹೊಳೆಯ ಕೆಳಗೆ ಕುಡಿಯುವ ಊರುಗಳಿವೆ. ಬೇಸಿಗೆಯಲ್ಲಿ ಹೊಳೆ ಬಡವಾಗಿದ್ದಾಗ ಬಾಯಿ ಮುಚ್ಚಿ, ಮಳೆಗಾಲದ ಹೊಳೆ ತುಂಬಿ ಹರಿಯುವಾಗ ಬಿಡುವ ಕಟ್ಟುನಿಟ್ಟು ಬೇಕು. ಸಾಲಿನ ಕೊನೆಗೆ ಒಂದು ಬಿರಡೆ ಇಟ್ಟರೆ ಇದು ಸಾಧ್ಯ, ಒಬ್ಬ ರೈತನಿಂದಲ್ಲ, ಹಳ್ಳದ ಎರಡೂ ದಂಡೆಯವರು ಕೂಡಿದಾಗ. ಸಂಗಮದ ಸುತ್ತ ಇನ್ನೊಂದು ತೊಡಕಿದೆ. ನಾರಾಯಣಪುರ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಕೊಳವೆ ಹೂಳುವುದು ಒಂದು ಮೀಟರಿಗಿಂತ ಕೆಳಗೆ, ಇಳಿಜಾರಿಗೆ ಇನ್ನಷ್ಟು ಬೇಕು. ಆದ್ದರಿಂದ ಹಿನ್ನೀರಿಗಿಂತ ಒಂದೆರಡು ಮೀಟರಷ್ಟೇ ಎತ್ತರವಿರುವ ಹೊಲದ ಕೊಳವೆಬಾಯಿ, ಬಸಿಯಬೇಕಾದ ತಿಂಗಳುಗಳಲ್ಲೇ ನೀರಿನಲ್ಲಿ ಮುಳುಗಿರುತ್ತದೆ. ಅಂಥ ಹೊಲಕ್ಕೆ ಗುಂಡಿ ತೋಡಿ ಪಂಪಿನಿಂದ ಎತ್ತದೆ ಗತಿಯಿಲ್ಲ. ಯಾವ ಅಚ್ಚೂ ಇದನ್ನು ಬದಲಿಸಲಾರದು. ಹೊಲದ ಎತ್ತರ ಅಳೆಯದೆ ಕೊಳವೆ ಮಾರುವವರನ್ನು ರೈತರು ನಂಬಬಾರದು.

ಖರ್ಚನ್ನು ಯಾರು ಹೊರಬೇಕು? 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದುನಿಂತದ್ದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ. ಕಂಡಿಲ್ಲದ ಲಾಭಕ್ಕೆ ಕರ ಕೊಡಲು ರೈತ ಒಪ್ಪುವುದಿಲ್ಲ ಎಂಬುದು ಆಗಲೇ ಇತ್ಯರ್ಥವಾದ ಮಾತು. ಹೊಲದಾಚೆಯ ದೊಡ್ಡ ಬಸಿಗಾಲುವೆ, ಹಳ್ಳದ ಹೂಳು ತೆಗೆಯುವುದು, ನೀರಿನ ಉಪ್ಪು ಅಳೆಯುವುದು ಯೋಜನೆಯ ಖರ್ಚಿಗೇ ಸೇರಬೇಕು, ಏಕೆಂದರೆ ಅದು ಕಾಲುವೆಯ ಇನ್ನರ್ಧ. ಹೊಲದೊಳಗಿನ ಸಾಲನ್ನು ರೈತ ತಾನೇ ಹಾಕಿಕೊಳ್ಳಬಲ್ಲ, ಕೊಳವೆ ಕೈಗೆಟುಕುವಂತಿದ್ದರೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದಾಗ ಕರಾವಳಿಯ ಮಾಡುಗಳೇ ಬದಲಾದವು. ಅದೇ ಮಿಷನ್ನಿಗೆ ಗುಳೇದಗುಡ್ಡದಲ್ಲೂ ಠಾಣೆ ಇತ್ತು, ಆದರೆ ನೇತ್ರಾವತಿಯಂಥ ಜೇಡಿ ಇಲ್ಲದ ಈ ಒಣಸೀಮೆಗೆ ಹೆಂಚಿನ ಒತ್ತುಯಂತ್ರ ಬರಲಿಲ್ಲ. ಬಸಿಗೊಳವೆಗೆ ಅಷ್ಟು ನಯದ ಜೇಡಿ ಬೇಕಿಲ್ಲ. ಬಾಗಲಕೋಟೆಯಲ್ಲಿ 2008ರಲ್ಲಿ ಹುಟ್ಟಿದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅಲ್ಲಿನ ಮಣ್ಣು ವಿಜ್ಞಾನದವರು ಹುನಗುಂದ, ಬಾದಾಮಿ, ಇಳಕಲ್ಲಿನ ನಾಲ್ಕಾರು ಕೆರೆಗಳ ಹೂಳು ತಂದು, ಯಾವುದು ಎಷ್ಟು ಕುಗ್ಗುತ್ತದೆ, ಯಾವ ಕಾವಿಗೆ ಬೇಯುತ್ತದೆ ಎಂದು ನೋಡಿ, ಪ್ರತಿಯೊಂದಕ್ಕೂ ಉರುಳೆಯ ಅಳತೆ ಬರೆದುಕೊಡಲಿ. ಆ ಅಳತೆಯ ಅಚ್ಚುಗಳನ್ನು ತಾಲೂಕಿಗೆರಡು ಇಟ್ಟಿಗೆ ಭಟ್ಟಿಗೆ ಕೊಟ್ಟು, ಮೊದಲ ಸಾಲನ್ನು ಹಿನ್ನೀರಿಗಿಂತ ಸಾಕಷ್ಟು ಎತ್ತರದ ಒಂದು ಸವಳು ಹೊಲದಲ್ಲಿ ಹೂತು, ಕೊಳವೆಬಾಯಿಂದ ಬರುವ ನೀರಿನ ಉಪ್ಪನ್ನು ಎರಡು ಮಳೆಗಾಲ ಅಳೆಯಲಿ. ಆ ಅಂಕಿ ಇಳಿಯುತ್ತ ಬಂದರೆ ಪಕ್ಕದ ಹೊಲದವರು ಭಟ್ಟಿಯವರನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ.